ಹಲಗೆಗಳ ಒಳಮೈ

ಪ್ಲೈವುಡ್ಡಿನ ಕೊನೆಯ ಮೊಳೆ ಕಿತ್ತದ್ದೇ ಆಟದ ಮೈದಾನದ ಸ್ಟ್ಯಾಂಡಿನ ಅಡಿಯಿಂದ ಹನ್ನೊಂದು ವರ್ಷ ಕೂಡಿಹಾಕಿದ್ದ ಗಾಳಿ ಹೊರಗೆ ಬಂತು. ಹಸಿ ಮಣ್ಣು, ಇಲಿ ಹಿಕ್ಕೆ, ಹಳೇ ಮರ. ಡೆಸ್ ಮೂಗು ಮುಚ್ಚಿಕೊಂಡ. ತಿರುಮಲೇಶ ಮುಚ್ಚಿಕೊಳ್ಳಲಿಲ್ಲ. ಟಾರ್ಚು ಹಿಡಿದು ಬಗ್ಗಿ ನಿಂತಿದ್ದ. ಅರವತ್ತೇಳು ವರ್ಷದ ಸೊಂಟ ನೋಯುತ್ತಿತ್ತು, ಅದರ ಕಡೆ ಅವನ ಗಮನ ಇರಲಿಲ್ಲ.

ಡೆಸ್ ಐರ್ಲೆಂಡಿನ ಬಡಗಿ, ಐವತ್ತರ ಆಸುಪಾಸು. ಹಳೇ ಸ್ಟ್ಯಾಂಡನ್ನು ಬಿಚ್ಚುವ ಮೊದಲು ಒಂದೊಂದು ಹಲಗೆಯನ್ನೂ ಇದ್ದ ಜಾಗದಲ್ಲೇ ಫೋಟೋ ತೆಗೆದು, ಸೀಮೆಸುಣ್ಣದಲ್ಲಿ ನಂಬರು ಹಾಕಬೇಕು ಎಂದು ಕಾಲೇಜಿನವರು ಅವನಿಗೆ ಹೇಳಿದ್ದರು. ಮೊಣಕಾಲೂರಿ ಒಳಗೆ ತೆವಳಿದ. ಸ್ವಲ್ಪ ಹೊತ್ತು ಕೆಮ್ಮು ಕೇಳಿಸಿತು. ಆಮೇಲೆ ಮಾತು.

"ಇಲ್ಲೇನೋ ಬರೆದಿದೆ," ಅಂದ ಇಂಗ್ಲಿಷಿನಲ್ಲಿ. "ಬಿಳೀ ಪೇಂಟು. ಅಕ್ಷರ ದುಂಡದುಂಡಗಿದೆ. ನಿಮ್ಮ ಭಾಷೆಯಾ?"

"ನಮ್ಮದೇ."

"ಏನು ಬರೆದಿದೆ?"

ತಿರುಮಲೇಶನ ಕೈಯ ಟಾರ್ಚು ಅಲುಗಲಿಲ್ಲ. "ತಾರೀಖು. ರಿಪೇರಿ ತಾರೀಖು. ಹಳೇದು."

"ಇದನ್ನೂ ಫೋಟೋ ತೆಗೀಲಾ?"

"ತೆಗಿ. ಎಲ್ಲಾ ತೆಗಿ. ಧೂಳು ಮಾತ್ರ ಒರೆಸಬೇಡ."

ಫ್ಲ್ಯಾಶಿನ ಬೆಳಕು ಹಲಗೆಗಳ ಸಂದಿಯಿಂದ ಮೂರು ಸಲ ಹೊರಗೆ ಚಿಮ್ಮಿತು. ತಿರುಮಲೇಶ ಒಂದು, ಎರಡು, ಮೂರು ಅಂತ ಮನಸ್ಸಿನಲ್ಲೇ ಎಣಿಸಿದ. ಮೂರೂ ಇವೆ. ಇಲಿ ತಿಂದಿಲ್ಲ, ನೀರು ತೊಳೆದಿಲ್ಲ.

ಲಂಡನ್ನಿನ ಅಂಚಿನ ಫೆಲ್ಥಮ್ಮಿನ ಆ ಕಾಲೇಜಿನವರು ಅದನ್ನು ಸ್ಟೇಡಿಯಂ ಎಂದೇ ಕರೆಯುತ್ತಿದ್ದರು. ಇದ್ದದ್ದು ಒಂದು ಹುಲ್ಲಿನ ಮೈದಾನ, ಅದರ ಒಂದು ಬದಿಗೆ ತಗಡಿನ ಚಾವಣಿಯ ಮರದ ಸ್ಟ್ಯಾಂಡು, ಮುನ್ನೂರು ಜನ ಕೂರುವಂಥ ಒಂಬತ್ತು ಸಾಲು, ಮೂಲೆಯಲ್ಲಿ ಚಹಾ ಕೊಡುವ ಒಂದು ಕಿಂಡಿ. ಎರಡು ಮೂರು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಹಾದುಹೋಗುತ್ತಿತ್ತು, ಯಾರೂ ಕತ್ತೆತ್ತುತ್ತಿರಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಕಾಲೇಜಿನ ಹುಡುಗರು ಗೋಲು ಹೊಡೆದರೆ ಮುನ್ನೂರು ಜೋಡಿ ಕಾಲು ಒಟ್ಟಿಗೇ ಹಲಗೆಯನ್ನು ಬಡಿಯುತ್ತಿದ್ದವು. ವಿಮಾನದ ಸದ್ದು ಅದರಲ್ಲಿ ಅಡಗಿಹೋಗುತ್ತಿತ್ತು. ಬೇರೆ ಊರಿನ ತಂಡಗಳು ಆ ಸದ್ದಿಗೇ ಅರ್ಧ ಸೋಲುತ್ತವೆ ಎಂದು ಕೋಚು ಹೇಳುತ್ತಿದ್ದ. ತಿರುಮಲೇಶನಿಗೆ ಆ ಸದ್ದಿನಲ್ಲಿ ಬೇರೆಯದೇ ಕೇಳಿಸುತ್ತಿತ್ತು. ಯಾವ ಸಾಲಿನ ಎಷ್ಟನೇ ಹಲಗೆ ಸಡಿಲವಾಗಿದೆ ಎನ್ನುವುದು.

ಅವನು ಆಗ ಅಲ್ಲಿನ ಗ್ರೌಂಡ್ಸ್‌ಮನ್. ಹುಲ್ಲು ಕತ್ತರಿಸುವುದು, ದಾರ ಹಿಡಿದು ಗೆರೆ ಬಿಡುವುದು, ಗೋಲಿನ ಮುಂದೆ ಕಿತ್ತುಬಂದ ಮಣ್ಣು ತುಂಬುವುದು, ಸ್ಟ್ಯಾಂಡು ನೋಡಿಕೊಳ್ಳುವುದು, ಎಲ್ಲ ಅವನದೇ. ಮೈಸೂರಿನಿಂದ ಒಬ್ಬ ಡಾಕ್ಟರ ಮನೆಯ ಡ್ರೈವರಾಗಿ ಬಂದವನು. ಅವರು ಕೆಲಸ ಬಿಡಿಸಿದ ಮೇಲೆ ಹುಡುಗನಾಗಿದ್ದಾಗ ಕಲಿತಿದ್ದ ಕೆಲಸ ಕೈ ಹಿಡಿಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮೈಸೂರಿನ ಒಂದು ಕಾಲೇಜು ಮೈದಾನದಲ್ಲಿ ಮಾಲಿಯ ಕೈಕೆಳಗೆ ಸೇರಿದ್ದ. ಹೆಡ್ ಮಾಲಿ ಅವನಿಗೆ ಒಂದು ಅಭ್ಯಾಸ ಹಚ್ಚಿದ್ದ. ಏನೇ ರಿಪೇರಿ ಮಾಡು, ಏನೇ ಕೆಟ್ಟದ್ದು ಕಾಣಲಿ, ಅದರ ಹಿಂದೆ, ಯಾರಿಗೂ ಕಾಣದ ಕಡೆ, ತಾರೀಖು ಹಾಕಿ ಒಂದು ಮಾತು ಬರೆದಿಡು. ನಿನ್ನ ನಂತರ ಬರುವವನಿಗೆ ಗೊತ್ತಾಗಬೇಕು. ಲಂಡನ್ನಿಗೆ ಬಂದರೂ ಆ ಅಭ್ಯಾಸ ಹೋಗಲಿಲ್ಲ. ಗೆರೆ ಬಿಡುವ ಬಿಳೀ ಪೇಂಟು, ಸಣ್ಣ ಬ್ರಷ್ಷು. ಹುಲ್ಲು ಕತ್ತರಿಸುವ ಮಿಷನ್ನಿನ ಹೊಟ್ಟೆ, ಗೋಲ್ ಕಂಬದ ಹಿಂಭಾಗ, ಹಲಗೆಗಳ ಅಡಿ, ಎಲ್ಲೆಲ್ಲೂ ಅವನ ಸೊಟ್ಟ ಅಕ್ಷರ ಇತ್ತು.

ಆದರೆ ಕಾಲೇಜಿಗೆ ಬೇಕಾದದ್ದು ಪುಸ್ತಕ. ಪ್ರತಿ ತಿಂಗಳು ಸ್ಟ್ಯಾಂಡನ್ನು ನೋಡಿ, ಏನಿದೆ ಏನಿಲ್ಲ ಎಂದು ತಪಾಸಣೆ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು. ತಿರುಮಲೇಶನಿಗೆ ಅದು ದೊಡ್ಡ ಕಷ್ಟವಾಗಿತ್ತು, ಮಧುಸೂದನ್ ಬರುವ ತನಕ. ಬೆಂಗಳೂರಿನವನು, ಮೂವತ್ತು ದಾಟಿರಲಿಲ್ಲ, ವೀಸಾದ ಮೇಲೆ ಕಟ್ಟಡಗಳ ಉಸ್ತುವಾರಿ ಆಫೀಸಿಗೆ ಬಂದಿದ್ದ. ಮೊದಲನೇ ದಿನವೇ "ಅಯ್ಯೋ, ನೀವು ಕನ್ನಡದವ್ರಾ ತಿರುಮಲೇಶಣ್ಣ? ನೀವು ಹೇಳಿ, ನಾನು ಬರ್ಕೋತೀನಿ" ಅಂದಿದ್ದ. ಅವತ್ತಿನಿಂದ ಹಾಗೇ ನಡೆಯಿತು. ತಿರುಮಲೇಶ ಕನ್ನಡದಲ್ಲಿ ಹೇಳುತ್ತಿದ್ದ, ಮಧು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ, ಕೆಳಗೆ ತಿರುಮಲೇಶ ಸೈನ್ ಹಾಕುತ್ತಿದ್ದ. ಏನು ಬರೆದಿದೆ ಅಂತ ಕೇಳಿದವನಲ್ಲ. ನಮ್ಮ ಭಾಷೆಯಲ್ಲಿ ಕೇಳಿಸಿಕೊಂಡವನು ಬೇರೆಯದನ್ನು ಬರೆದಾನು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಸ್ಟ್ಯಾಂಡಿಗೆ ಪ್ಲೈವುಡ್ ಬೀಳುವ ಮುಂಚಿನ ಅಕ್ಟೋಬರಿನಲ್ಲಿ ಐದನೇ ಸಾಲಿನ ಕೊನೆಗಿದ್ದ ಕಂಬಿಯ ಬುಡದ ಮರ ಕೊಳೆತದ್ದು ಅವನ ಬೆರಳಿಗೆ ಸಿಕ್ಕಿತು. ಹೇಳಿದ. ಡಿಸೆಂಬರಿನಲ್ಲಿ ಇನ್ನೊಂದು ಸಲ ಹೇಳಿದ. ಫೆಬ್ರವರಿಯಲ್ಲಿ ತಾನೇ ಆ ಮೂಲೆಗೆ ಹಗ್ಗ ಕಟ್ಟಿದ. ಮುಂದಿನ ಶುಕ್ರವಾರ ಮಧು ಬಂದು, ನಾಳೆ ಲೀಗಿನ ದೊಡ್ಡವರು ಬರುತ್ತಾರೆ, ಹಗ್ಗ ಕಂಡರೆ ಚೆನ್ನಾಗಿರಲ್ಲ ಅಂತ ಬಿಚ್ಚಿಸಿದ. "ನಿನ್ನೆ ಬಡಗಿ ಬಂದು ಸರಿಮಾಡಿ ಹೋಗಿದಾನೆ ತಿರುಮಲೇಶಣ್ಣ. ನೀವು ಸುಮ್ನೆ ತಲೆ ಕೆಡಿಸ್ಕೋಬೇಡಿ."

ಮಾರನೇ ದಿನ ಚಂದ್ರಿಕಾ ಬಂದರು. ಸಟನ್ನಿನಿಂದ ಎರಡು ಬಸ್ಸು ಬದಲಾಯಿಸಿ, ಮಗ ನಿತೀಶನ ಆಟ ನೋಡಲು ಪ್ರತಿ ಶನಿವಾರ ಬರುತ್ತಿದ್ದರು. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ತಾವು ಮದುವೆಗೆ ಮೊದಲು ಧಾರವಾಡದಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದವರು. ಬರುವಾಗಲೆಲ್ಲ ಒಂದು ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಂದು ತಿರುಮಲೇಶನಿಗೆ ಕೊಡುತ್ತಿದ್ದರು. ಅವತ್ತೂ ಕೊಟ್ಟರು. ಐದನೇ ಸಾಲಿನ ಕೊನೆ ಅವರಿಗೆ ಇಷ್ಟದ ಜಾಗ. "ಇಲ್ಲೆ ಹಗ್ಗಾ ಕಟ್ಟಿದ್ರೆಲಾ ಹ್ವಾದ ವಾರ? ಈಗ ಕೂಡಬಹುದೇನ್ರಿ?" ಅಂತ ಕೇಳಿದರು.

"ಸರಿ ಮಾಡ್ಸಿದಾರೆ ಅಮ್ಮ. ಕೂತ್ಕೊಳಿ," ಅಂದಿದ್ದ ತಿರುಮಲೇಶ.

ಆಟ ಮುಗಿಯಲು ಹತ್ತು ನಿಮಿಷ ಇದ್ದಾಗ ನಿತೀಶನೇ ಗೋಲು ಹೊಡೆದ. ಎಲ್ಲ ಎದ್ದು ಕಾಲು ಬಡಿದರು. ಚಂದ್ರಿಕಾ ಕಂಬಿ ಹಿಡಿದು ಎದ್ದರು. ಕಂಬಿ ಅವರ ಕೈಯಲ್ಲೇ ಬಂತು. ಆಳೆತ್ತರದಿಂದ ಕೆಳಗಿನ ಸಿಮೆಂಟಿಗೆ ಬಿದ್ದರು. ಆಂಬುಲೆನ್ಸು ಬರುವ ತನಕ ಅವರ ತಲೆಯ ಕೆಳಗೆ ತಿರುಮಲೇಶನ ಕೋಟು ಇತ್ತು. ಅವರು ಅವನನ್ನೇ ನೋಡುತ್ತಿದ್ದರು. "ನೀವಽ ಕೂಡಂದ್ರೆಲಾ," ಅಂದರು. ಅಷ್ಟೇ. ಆಮೇಲೆ ಅವರು ಅವನ ಹತ್ತಿರ ಮಾತಾಡಲಿಲ್ಲ.

ವಿಚಾರಣೆ ಒಂದು ಗುರುವಾರ. ಮೇಜಿನ ಆಚೆ ಮೂರು ಜನ, ಒಂದು ತಟ್ಟೆ ಬಿಸ್ಕತ್ತು. ಪುಸ್ತಕ ತೆರೆದಿಟ್ಟರು. ಅಕ್ಟೋಬರು, ಡಿಸೆಂಬರು, ಫೆಬ್ರವರಿ, ಎಲ್ಲ ತಿಂಗಳೂ ಒಂದೇ ಮಾತು: ಎಲ್ಲ ಸರಿಯಿದೆ. ಕೆಳಗೆ ತಿರುಮಲೇಶನ ಸೈನು. ಅವನಿಗೆ ಇಂಗ್ಲಿಷ್ ಸಾಲದು ಎಂದು ಮಾತು ದಾಟಿಸಲು ಒಬ್ಬರನ್ನು ಕೂರಿಸಿದ್ದರು. ಆ ಒಬ್ಬರು ಮಧುಸೂದನ್.

ತಿರುಮಲೇಶ ನಿಧಾನಕ್ಕೆ, ಮಗುವಿಗೆ ಹೇಳಿದ ಹಾಗೆ ಹೇಳಿದ. "ನಾನು ಎರಡು ಸಲ ಹೇಳಿದೀನಿ, ಹಗ್ಗಾನೂ ಕಟ್ಟಿದೀನಿ. ಹಗ್ಗ ಬಿಚ್ಚಿಸಿದ್ದು ಇವ್ರು. ನಂಬಿಕೆ ಇಲ್ದೇ ಇದ್ರೆ ಹಲಗೆ ಅಡೀಲಿ ಬರ್ದಿದೀನಿ, ಈಗ್ಲೇ ಹೋಗಿ ನೋಡಿ."

ಮಧು ಮೇಜಿನ ಕಡೆ ತಿರುಗಿ ಹೇಳಿದ್ದು ಐದಾರು ಮಾತು. ಅದರಲ್ಲಿ 'ಸಾರಿ' ಎಂಬುದು ತಿರುಮಲೇಶನಿಗೂ ಗೊತ್ತಿತ್ತು. ಆಚೆಯ ಮೂವರು ಮರುಕದಿಂದ ತಲೆಯಾಡಿಸಿದರು. ಯಾರೂ ಎದ್ದು ಹಲಗೆ ನೋಡಲು ಹೋಗಲಿಲ್ಲ. ಆಗ ಅವನಿಗೆ ತಿಳಿಯಿತು, ತನ್ನ ಮಾತು ಆ ಮೇಜನ್ನು ದಾಟಿಲ್ಲ ಎಂದು.

ಸ್ಟ್ಯಾಂಡಿನ ಸುತ್ತ ಹೊರಗಿನವರು ಬಂದು ಚಂದ್ರಿಕಾ ಬಿದ್ದ ವಾರವೇ ಪ್ಲೈವುಡ್ ಹೊಡೆದಿದ್ದರು. ಕೀಲಿಕೈಗಳ ಗೊಂಚಲನ್ನು ಹುಡುಗರೆಲ್ಲ ನೋಡುತ್ತಿರುವಾಗ ಅವನ ಸೊಂಟದಿಂದ ಬಿಚ್ಚಿಸಿಕೊಂಡರು. ಕೆಲಸದಿಂದ ತೆಗೆಯಲಿಲ್ಲ. ಕಾರು ನಿಲ್ಲಿಸುವ ಜಾಗದ ಗೇಟಿಗೆ ಹಾಕಿದರು. ಹಳದಿ ಜಾಕೆಟ್ಟು, ಮರದ ಗೂಡು, ಒಂದು ಅಡ್ಡಕಂಬಿ. ಹನ್ನೊಂದು ವರ್ಷ ಬೆಳಿಗ್ಗೆ ಎಂಟೂ ಕಾಲಿಗೆ ಮಧುಸೂದನನ ಕಾರು ಬರುತ್ತಿತ್ತು, ತಿರುಮಲೇಶ ಅಡ್ಡಕಂಬಿ ಎತ್ತುತ್ತಿದ್ದ. "ಗುಡ್ ಮಾರ್ನಿಂಗ್ ಸಾರ್." "ಮಾರ್ನಿಂಗ್ ತಿರುಮಲೇಶಣ್ಣ." ಕಾರು ಬದಲಾಯಿತು, ಮಧುಸೂದನನ ಹುದ್ದೆ ಬದಲಾಯಿತು, ಇಡೀ ಉಸ್ತುವಾರಿಗೆ ಅವನೇ ಮುಖ್ಯಸ್ಥನಾದ. ಅಡ್ಡಕಂಬಿ ಅದೇ ಇತ್ತು.

"ಒಂದಿನ ರಾತ್ರಿ ಪ್ಲೈವುಡ್ ಕಿತ್ತು ಫೋಟೋ ಹೊಡ್ಕೊಂಡ್ ಬರೋದಲ್ವಾ?" ಎಂದು ಅವನ ಹೆಂಡತಿ ರಜನಿ ಮೊದಮೊದಲು ಕೇಳುತ್ತಿದ್ದಳು. ಅವಳು ಹೀಥ್ರೂವಿನಲ್ಲಿ ಇಳಿದ ವಿಮಾನಗಳನ್ನು ಗುಡಿಸುವ ಕೆಲಸದವಳು.

"ನಿನ್ನೆ ರಾತ್ರಿ ನೀನೇ ಹೋಗಿ ಬರ್ದೆ ಅಂತಾರೆ. ಬೇರೆಯವ್ರ ಕೈಲಿ ಬಿಚ್ಚಬೇಕು. ಹಗಲಲ್ಲಿ ಬಿಚ್ಚಬೇಕು."

"ಯಾವಾಗ ಬಿಚ್ತಾರಂತೆ?"

"ಬಿಚ್ಚೇ ಬಿಚ್ತಾರೆ. ಮರ ಅದು."

ಗೂಡಿನಲ್ಲಿ ಒಂದು ರೇಡಿಯೋ ಇಟ್ಟುಕೊಂಡ. ಹಾಡಿನದಲ್ಲ, ಬೆಳಗಿನಿಂದ ಸಂಜೆಯವರೆಗೆ ಬರೀ ಮಾತು ಬರುವ ಸ್ಟೇಷನ್ನು. ಮೊದಲ ವರ್ಷ ಸದ್ದು ಮಾತ್ರ ಕೇಳಿಸಿತು. ಎರಡನೇ ವರ್ಷ ಅಲ್ಲೊಂದು ಇಲ್ಲೊಂದು ಮಾತು ಕೈಗೆ ಹತ್ತಿತು. ಇನ್ನೊಂದು ಸಲ ತನ್ನ ಮಾತು ಇನ್ನೊಬ್ಬನ ಬಾಯಿಂದ ಹೋಗುವ ಹಾಗಾದರೆ ಅದು ಏನಾಗಿ ಹೋಯಿತು ಎಂದು ತನಗೆ ತಿಳಿಯಬೇಕು, ಅಷ್ಟೇ ಅವನ ಆಸೆ.

ಈಗ ಹೊಸ ಪ್ರಿನ್ಸಿಪಾಲ್ ಬಂದಿದ್ದಳು. ಚುರುಕಿನ ಹೆಂಗಸು. ಹುಲ್ಲು ತೆಗೆದು ಪ್ಲಾಸ್ಟಿಕ್ ಹುಲ್ಲು ಹಾಸುವುದು, ಕಾಂಕ್ರೀಟಿನ ಸ್ಟ್ಯಾಂಡು, ದೊಡ್ಡ ದೀಪದ ಕಂಬ, ಎಲ್ಲ ತೀರ್ಮಾನವಾಗಿತ್ತು. ಆದರೆ ಹಳೇ ಜಾಗದ ಕಳೆ ಹೋಗಬಾರದು ಎಂದು ಅವಳ ಹಟ. ಹಳೇ ಹಲಗೆಗಳನ್ನೇ ಹೊಸ ಸ್ಟ್ಯಾಂಡಿನ ಬಾಗಿಲ ಗೋಡೆಗೆ ಹೊದಿಸಬೇಕು ಅಂದಳು. ಯಾವ ಹಲಗೆ ಗಟ್ಟಿ, ಯಾವುದು ಪೊಳ್ಳು ಎಂದು ಡೆಸ್‌ಗೆ ತೋರಿಸಲು ಯಾರಾದರೂ ಬೇಕಿತ್ತು. ಒಂದು ಬೆಳಿಗ್ಗೆ ಮಧು ಕಾರಿನ ಗಾಜು ಇಳಿಸಿ, "ತಿರುಮಲೇಶಣ್ಣ, ಆ ಸ್ಟ್ಯಾಂಡು ನಿಮ್ಗೆ ಚೆನ್ನಾಗ್ ಗೊತ್ತಲ್ವಾ? ಸ್ವಲ್ಪ ಹೆಲ್ಪ್ ಮಾಡಿ. ಗೇಟಿಗೆ ಬೇರೆಯವ್ರನ್ನ ಹಾಕ್ತೀನಿ," ಅಂದ.

"ಆಗಲಿ ಸಾರ್," ಅಂದಿದ್ದ ತಿರುಮಲೇಶ. ವಿಚಾರಣೆಯ ದಿನ ಕೇಳಿದ ಹಲಗೆಯ ಮಾತು ಇವನಿಗೆ ನೆನಪೇ ಇಲ್ಲ ಎಂದುಕೊಂಡು ಅಡ್ಡಕಂಬಿ ಎತ್ತಿದ.

ಹಲಗೆಗಳನ್ನು ಬಿಚ್ಚಿ ಶೆಡ್ಡಿನಲ್ಲಿ ಒಟ್ಟಿದರು. ಮೇಲಿನ ಮೈ ಬಿಸಿಲು ಮಳೆಗೆ ಬೂದಿ ಬಣ್ಣವಾಗಿ, ಸಿಬಿರೆದ್ದು, ಚ್ಯೂಯಿಂಗ್ ಗಮ್ಮಿನ ಕಲೆ ಹಿಡಿದಿತ್ತು. ಒಳಮೈ ಮಾತ್ರ ಬೆಲ್ಲದ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. "ಇದನ್ನೇ ಹೊರಗೆ ಮಾಡಿ ಹಾಕೋಣ," ಎಂದು ಡೆಸ್ ಉಜ್ಜುವ ಮಿಷನ್ನಿನ ವೈರು ಎಳೆದ. ತಿರುಮಲೇಶ ಹೋಗಿ ಮಿಷನ್ನಿಗೂ ಹಲಗೆಗೂ ನಡುವೆ ಕೈ ಇಟ್ಟ.

"ಉಜ್ಜಬೇಡ."

"ಬರಹ ಹೋಗುತ್ತೆ ಅಂತಲಾ?"

"ಅದೇ ಇರಲಿ."

ಡೆಸ್ ಅವನ ಮುಖ ನೋಡಿದ. ಮಿಷನ್ನಿನ ವೈರನ್ನು ಮತ್ತೆ ಸುತ್ತಿಟ್ಟ. ಅದೇ ವಾರ ಪ್ರಿನ್ಸಿಪಾಲ್ ಶೆಡ್ಡಿಗೆ ಬಂದು ಆ ದುಂಡು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಹಳೇ ಗ್ರೌಂಡ್ಸ್‌ಮನ್ ಬರೆದದ್ದು ಅಂತ ಡೆಸ್ ಹೇಳಿದ. "ಇದನ್ನು ಮುಟ್ಟಲೇಬೇಡಿ," ಅಂದಳು. ಗೋಡೆಯಲ್ಲಿ ಯಾವ ಹಲಗೆ ಎಲ್ಲಿ ಬರಬೇಕು ಎನ್ನುವುದನ್ನು ತಿರುಮಲೇಶನೇ ಜೋಡಿಸಿದ. ಬರಹವಿದ್ದ ಹಲಗೆಗಳು ಹದಿನಾರು ಇದ್ದವು. ಹದಿಮೂರನ್ನು ಮೇಲೆ ಕೆಳಗೆ ಚದುರಿಸಿದ. ಮೂರನ್ನು ನಡುಮಧ್ಯೆ, ಒಬ್ಬ ಮನುಷ್ಯನ ಕಣ್ಣಿನ ಎತ್ತರಕ್ಕೆ, ಒಂದರ ಕೆಳಗೆ ಒಂದು ಇಟ್ಟ.

ಮಧು ಶೆಡ್ಡಿಗೆ ಬಂದದ್ದು ಒಂದೇ ಸಲ. ಧೂಳಿಗೆ ಹೆದರಿ ಬಾಗಿಲಲ್ಲೇ ನಿಂತ. ಒಟ್ಟಿದ್ದ ಹಲಗೆಗಳು ಅವನ ಕಡೆಗೆ ಅಂಚು ತೋರಿಸುತ್ತಿದ್ದವು. ತಿರುಮಲೇಶನ ಕೈಯಲ್ಲಿ ಡೆಸ್‌ನ ಕೀಸುಳಿ ಇತ್ತು, ಒಂದು ಹಲಗೆಯ ಮೂಲೆಯನ್ನು ನವಿರು ಮಾಡುತ್ತಿದ್ದ.

"ಮುಂದಿನ್ ವರ್ಷ ರಿಟೈರ್ ಆಗ್ತೀರಂತೆ? ಒಂದ್ ಬೆಂಚಿಗೆ ನಿಮ್ ಹೆಸ್ರು ಹಾಕ್ಸೋಣ ಅಂತಿದೀನಿ ತಿರುಮಲೇಶಣ್ಣ."

"ನನ್ ಹೆಸ್ರಿಗೆ ಬೆಂಚ್ಯಾಕೆ ಸಾರ್."

ಮಧು ಹೊರಗಡೆ ಕತ್ತು ತಿರುಗಿಸಿದ. ಕೂದಲು ಕಿವಿಯ ಮೇಲೆ ನರೆತಿತ್ತು. "ಹಳೇದೆಲ್ಲ ಮನ್ಸಲ್ಲಿ ಇಟ್ಕೋಬೇಡಿ. ಆಗ ನಾನೂ ಹೊಸಬ. ವೀಸಾ ಕಾಲೇಜಿನ ಕೈಲಿತ್ತು, ತನ್ಮಯಿ ಹೊಟ್ಟೇಲಿದ್ಲು. ನಿಮ್ಗೇನೂ ಕೆಲ್ಸ ಹೋಗ್ಲಿಲ್ವಲ್ಲ?"

"ಹೋಗ್ಲಿಲ್ಲ ಸಾರ್."

"ಮತ್ತೆ?"

ಕೀಸುಳಿಯಿಂದ ಒಂದು ತೆಳು ಸುರುಳಿ ಎದ್ದು ನೆಲಕ್ಕೆ ಬಿತ್ತು. ಕೈ ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಅಕ್ಷರ ಶುರುವಾಗುತ್ತಿತ್ತು. ಎರಡು ಸಲ ಎಳೆದರೆ ಸಾಕು, ಒಂದು ಹಲಗೆ ಬೋಳಾಗುತ್ತದೆ. ಇವನು ಈಗ 'ತಪ್ಪಾಯ್ತು' ಎಂದು ಒಂದು ಮಾತು ಅಂದರೆ ಏನು ಮಾಡಲಿ ಎಂದು ತಿರುಮಲೇಶ ಯೋಚಿಸಿದ. ಕಾದ. ಮಧು ಷೂಸಿನ ಧೂಳು ಕೊಡವಿಕೊಂಡು, "ಫೋನ್ ಬರ್ತಿದೆ," ಎಂದು ಹೋದ.

ತಿರುಮಲೇಶ ಕೀಸುಳಿಯನ್ನು ಎತ್ತಿ ಮೇಲಿನ ಅಟ್ಟಣಿಗೆಯಲ್ಲಿಟ್ಟ.

ಗೋಡೆ ಎದ್ದಿತು. ಸುತ್ತ ಕಲ್ಲು ಕೊರೆಯುವ ಧೂಳು ಕೂರಬಾರದೆಂದು ಡೆಸ್ ನೀಲಿ ಬಟ್ಟೆ ಹೊದಿಸಿದ. ಆ ಹೊತ್ತಿಗೆ ತಿರುಮಲೇಶ ಮತ್ತೆ ಗೇಟಿನಲ್ಲಿದ್ದ. ಉದ್ಘಾಟನೆಗೆ ಎರಡು ವಾರ ಇರುವಾಗ ಡೆಸ್ ಒಂದು ಕಡತ ಹಿಡಿದು ಗೂಡಿನ ಹತ್ತಿರ ಬಂದು ನಿಂತ. ಗೋಡೆಯ ಎಲ್ಲ ಹಲಗೆಗಳ ಫೋಟೋ, ಹಳೇ ಜಾಗದಲ್ಲಿ ತೆಗೆದದ್ದು, ಹೊಸ ಜಾಗದಲ್ಲಿ ತೆಗೆದದ್ದು. ನೋಡಿ ಒಪ್ಪಿದ್ದೇನೆ ಎಂದು ಮಧುಸೂದನನ ಸೈನು ಬೇಕು. "ಮೂರು ದಿನದಿಂದ ಆಫೀಸಿನಲ್ಲಿ ಸಿಗುತ್ತಿಲ್ಲ ನಿನ್ನ ಸಾಹೇಬ," ಎಂದು ನಕ್ಕ.

ಎಂಟೂ ಕಾಲಿಗೆ ಕಾರು ಬಂತು. ಮಧು ಫೋನಿನಲ್ಲಿದ್ದ. ಡೆಸ್ ಕಿಟಕಿಯಿಂದ ಕಡತ ಒಳಗೆ ಚಾಚಿದ. ಮಧು ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿ, ಜೇಬು ತಡವಿ, ಪೆನ್ನಿಗಾಗಿ ಅತ್ತ ಇತ್ತ ನೋಡಿದ. ತಿರುಮಲೇಶ ಹಳದಿ ಜಾಕೆಟ್ಟಿನಿಂದ ತನ್ನ ಪೆನ್ನು ತೆಗೆದುಕೊಟ್ಟ. ಮಧು ಕೊನೆಯ ಹಾಳೆಗೆ ಹೋಗಿ, ಸ್ಟಿಯರಿಂಗಿನ ಮೇಲಿಟ್ಟು ಸೈನ್ ಹಾಕಿದ. ಮೊದಲಿನ ಹಾಳೆಗಳು ಮಗುಚಿಕೊಂಡೇ ಇದ್ದವು.

ಒಂದು ಮಾತು. "ನೋಡಿ ಹಾಕಿ ಸಾರ್." ಅಷ್ಟು ಹೇಳಲು ಬೇಕಾದಷ್ಟು ಹೊತ್ತಿತ್ತು. ತಿರುಮಲೇಶ ಪೆನ್ನು ವಾಪಸು ತೆಗೆದುಕೊಂಡು ಅಡ್ಡಕಂಬಿ ಎತ್ತಿದ.

ಸಂಜೆ ಮನೆಯಲ್ಲಿ ಅದನ್ನು ಹೇಳಿದಾಗ ರಜನಿ ನಗಲಿಲ್ಲ. ಅಕ್ಕಿ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. "ಆ ಮನುಷ್ಯಂಗೂ ಒಬ್ಳು ಮಗಳಿದಾಳೆ ಕಣ್ರೀ. ಹನ್ನೊಂದು ವರ್ಷದ್ದು."

"ನಂಗೂ ಒಂದು ಹೆಸ್ರಿತ್ತು ಕಣೆ. ಅದಕ್ಕೂ ಹನ್ನೊಂದು ವರ್ಷ ಆಯ್ತು."

ಅವಳು ನೀರು ಬಸಿದಳು. "ಸರಿ. ಈಗ ನಾನೇನ್ ಮಾಡ್ಬೇಕು?"

"ಚಂದ್ರಿಕಮ್ಮಂಗೆ ಫೋನ್ ಮಾಡು. ಕಾಲೇಜಿಂದ ಕರೆಯೋಲೆ ಹೋಗಿದೆ. ಅವ್ರು ಬರ್ಬೇಕು. ಅವ್ರು ಬರ್ದೇ ಇದ್ರೆ ಏನೂ ಇಲ್ಲ."

ಕನ್ನಡ ಸಂಘದ ಯುಗಾದಿಯಲ್ಲಿ ಒಬ್ಬರಿಗೊಬ್ಬರು ಸಿಕ್ಕಾಗ ರಜನಿಗೂ ಚಂದ್ರಿಕಾಗೂ ನಮಸ್ಕಾರದಷ್ಟು ಬಳಕೆ ಉಳಿದಿತ್ತು. ಫೋನನ್ನು ಸ್ಪೀಕರಿಗೆ ಹಾಕಿದಳು. ಆ ಕಡೆಯ ದನಿ ಗಡುಸಾಗಿತ್ತು. "ಪತ್ರಾ ಬಂದದರೀ ರಜನಿ. ಏನ್ ನೋಡ್ಲಿಕ್ಕೆ ಬರ್ಲಿ ನಾ? ಬಿದ್ದ ಜಾಗಾ ನೋಡ್ಲಿಕ್ಕೇನು?"

ತಿರುಮಲೇಶ ಫೋನು ತನ್ನ ಕಡೆ ಎಳೆದುಕೊಂಡ. "ಅಮ್ಮ, ನಾನು ತಿರುಮಲೇಶ. ಒಂದ್ಸಲ ಬನ್ನಿ."

ಆ ಕಡೆ ಉಸಿರಾಡುವುದು ಕೇಳಿಸಿತು. ಆಮೇಲೆ ಲೈನು ಕಟ್ಟಾಯಿತು.

ಅಕ್ಟೋಬರಿನ ಆ ಶನಿವಾರ ಬಿಸಿಲಿತ್ತು. ಹೊಸ ಮೈದಾನ ಬಣ್ಣ ಹಚ್ಚಿದ ಹಾಗೆ ಹಸಿರಾಗಿತ್ತು, ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಗೆರೆಗಳು ಅದರಲ್ಲೇ ನೇಯ್ದು ಬಂದಿದ್ದವು, ಯಾರೂ ದಾರ ಹಿಡಿಯಬೇಕಾಗಿರಲಿಲ್ಲ. ಬೆಳಿಗ್ಗೆ ಹುಡುಗಿಯರ ತಂಡದ ಒಂದು ಆಟ ಇಟ್ಟುಕೊಂಡಿದ್ದರು. ಗೋಲಾದಾಗ ಜನ ಎದ್ದು ಚಪ್ಪಾಳೆ ತಟ್ಟಿದರು, ಕಾಲು ಬಡಿದವರೂ ಇದ್ದರು. ಕಾಂಕ್ರೀಟು ಆ ಸದ್ದನ್ನು ನುಂಗಿಕೊಂಡಿತು. ಒಂದು ವಿಮಾನ ಇಳಿಯಿತು, ಎಲ್ಲರೂ ಕತ್ತೆತ್ತಿ ನೋಡಿದರು.

ತಿರುಮಲೇಶ ಗೇಟಿನಿಂದ ಕಾರುಗಳನ್ನು ನೋಡುತ್ತಿದ್ದ. ಕನ್ನಡದವರು ಹತ್ತು ಹನ್ನೆರಡು ಜನ ಬಂದರು, ಮಕ್ಕಳನ್ನು ಈ ಕಾಲೇಜಿಗೆ ಹಾಕಿದವರು. ಎರಡೂವರೆಯಾಯಿತು. ಮೂರಕ್ಕೆ ಗೋಡೆಯ ಬಟ್ಟೆ ತೆಗೆಯುವುದು. ಮೂರಕ್ಕೆ ಹತ್ತು ನಿಮಿಷ ಇರುವಾಗ ಒಂದು ಬೂದು ಕಾರು ಬಂದು ಅಡ್ಡಕಂಬಿಯ ಮುಂದೆ ನಿಂತಿತು. ಗಡ್ಡ ಬಿಟ್ಟಿದ್ದ ನಿತೀಶ ಓಡಿಸುತ್ತಿದ್ದ. ಪಕ್ಕದಲ್ಲಿ ಚಂದ್ರಿಕಾ. ಮೊಣಕಾಲಿನ ನಡುವೆ ಊರುಗೋಲು. ಅವರು ಮುಂದೆ ನೋಡುತ್ತಲೇ ಇದ್ದರು. ತಿರುಮಲೇಶ ಅಡ್ಡಕಂಬಿ ಎತ್ತಿದ. ಕಾರು ಹೋದ ಮೇಲೆ ಅದನ್ನು ಇಳಿಸದೆ ಹಾಗೇ ಬಿಟ್ಟು, ಅವರ ಹಿಂದೆ ನಡೆದ.

ಪ್ರಿನ್ಸಿಪಾಲ್ ಮೈಕಿನಲ್ಲಿ ಮಾತಾಡಿದಳು. ಈ ಜಾಗದಲ್ಲಿ ಒಬ್ಬರಿಗೆ ದೊಡ್ಡ ಪೆಟ್ಟಾಗಿತ್ತು, ಅವರು ಇವತ್ತು ಮನಸ್ಸು ದೊಡ್ಡದು ಮಾಡಿ ಬಂದಿದ್ದಾರೆ, ಬಟ್ಟೆ ಅವರೇ ಸರಿಸಲಿ ಅಂದಳು. ಚಂದ್ರಿಕಾ ಬೇಡವೆಂದು ಕೈ ಆಡಿಸಿದರು, ಆದರೆ ಎಲ್ಲರೂ ಚಪ್ಪಾಳೆ ತಟ್ಟಿ ದಾರಿ ಬಿಟ್ಟಿದ್ದರು. ಊರುಗೋಲಿನ ಮೇಲೆ ಒಂದೊಂದೇ ಹೆಜ್ಜೆ ಹಾಕುತ್ತ ಹೋಗಿ ಹಗ್ಗ ಎಳೆದರು. ನೀಲಿ ಬಟ್ಟೆ ಜಾರಿ ಬಿತ್ತು.

ಬಿಸಿಲಿಗೆ ಮರ ಹೊಳೆಯಿತು. "ಎಷ್ಟು ಚೆಂದ!" ಅಂದರು ಯಾರೋ. ಮೊಬೈಲುಗಳು ಮೇಲೆದ್ದವು. ಕನ್ನಡದವರ ಗುಂಪಿನಲ್ಲಿ "ಅರೆ, ಕನ್ನಡ ನೋಡ್ರೀ!" ಎಂದು ಒಬ್ಬರು ಖುಷಿಯಿಂದ ಕೂಗಿದರು. ಆಮೇಲೆ ಆ ಗುಂಪಿನ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

ಚಂದ್ರಿಕಾ ಗೋಡೆಗೆ ಎರಡು ಅಡಿ ದೂರದಲ್ಲಿದ್ದರು. ಕನ್ನಡಕ ಸರಿಮಾಡಿಕೊಂಡು ಮೊದಲನೇ ಹಲಗೆ ಓದಿದರು.

*೧೪-೧೦-೨೦೧೨. ಕಂಬಿ ಬುಡ ಕೊಳೆತಿದೆ. ಮದು ಸಾರಿಗೆ ಹೇಳಿದೆ.*

ಎರಡನೆಯದು.

*೨-೧೨-೨೦೧೨. ಮತ್ತೆ ಹೇಳಿದೆ. ಬರಕೊಂಡರು.*

ಮೂರನೆಯದರ ಮುಂದೆ ಅವರು ತುಂಬ ಹೊತ್ತು ನಿಂತರು.

*೮-೨-೨೦೧೩. ಹಗ್ಗ ಕಟ್ಟಿದ್ದೆ. ಮದು ಸಾರು ಬಿಚ್ಚಿಸಿದರು. ಬಡಗಿ ಬಂದು ರಿಪೇರಿ ಮಾಡಿದಾನೆ ಅಂದರು. ನಾನು ನೋಡಿಲ್ಲ.*

ಅವರು ತಿರುಗಿದರು. ಜನರ ಮೇಲೆ ಕಣ್ಣಾಡಿಸಿ ಕೊನೆಯಲ್ಲಿ ನಿಂತಿದ್ದ ಹಳದಿ ಜಾಕೆಟ್ಟನ್ನು ಹುಡುಕಿದರು. ಬರೀ ನೋಡಿದರು, ಅವತ್ತು ಸಿಮೆಂಟಿನ ಮೇಲಿಂದ ನೋಡಿದ ಹಾಗೆಯೇ, ಆದರೆ ಈ ಸಲ ಮೊದಲು ರೆಪ್ಪೆ ಇಳಿಸಿದ್ದು ಅವರು.

"ಇದು ಮಧು ಅವರ ಭಾಷೆ!" ಎಂದು ಪ್ರಿನ್ಸಿಪಾಲ್ ಮೈಕು ಹಿಡಿದು ನಗುತ್ತ ಕರೆದಳು. "ಮಧು, ಬನ್ನಿ. ನಮಗೆಲ್ಲ ಇಂಗ್ಲಿಷಿನಲ್ಲಿ ಹೇಳಿ, ಏನು ಬರೆದಿದೆ?"

ಮಧುಸೂದನ್ ಮುಂದಿನ ಸಾಲಿನಿಂದ ನಗುತ್ತಲೇ ಎದ್ದು ಬಂದ. ಗೋಡೆಯ ಮುಂದೆ ಬರುವವರೆಗೂ ಆ ನಗು ಇತ್ತು. ಮೈಕು ಅವನ ಕೈಗೆ ಬಂತು. ಅವನು ಓದಿದ್ದು ಎಲ್ಲರಿಗೂ ಕಾಣಿಸಿತು, ಕಿವಿಯ ಹಿಂದೆ ಬಣ್ಣ ಇಳಿದದ್ದು ಹತ್ತಿರದವರಿಗೆ ಮಾತ್ರ ಕಾಣಿಸಿತು.

"ಇವು ತಾರೀಖುಗಳು," ಅಂದ ಇಂಗ್ಲಿಷಿನಲ್ಲಿ. "ರಿಪೇರಿಯ ತಾರೀಖುಗಳು. ನಮ್ಮ ಗ್ರೌಂಡ್ಸ್‌ಮನ್‌ದು ಒಂದು ಹಳೇ ಅಭ್ಯಾಸ." ಮೈಕನ್ನು ವಾಪಸು ಕೊಡಲು ಕೈ ಚಾಚಿದ.

"ಪೂರ್ತಿ ಓದ್ರಿ ಮಧುಸೂದನ್," ಅಂದರು ಚಂದ್ರಿಕಾ ಕನ್ನಡದಲ್ಲಿ. ದನಿ ಎತ್ತರಿಸಲಿಲ್ಲ. "ನನಗ ಕನ್ನಡಾ ಬರ್ತದ."

ಪ್ರಿನ್ಸಿಪಾಲಳ ಕೈ ಮೈಕು ತೆಗೆದುಕೊಳ್ಳದೆ ಗಾಳಿಯಲ್ಲೇ ನಿಂತಿತು. ಡೆಸ್ ಕಂಕುಳಲ್ಲಿದ್ದ ಕಡತವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ತಿರುಮಲೇಶ ಜನರ ನಡುವೆ ನಿಧಾನಕ್ಕೆ ನಡೆದು ಬಂದು ಮಧುಸೂದನನ ಎಡಗಡೆ ನಿಂತ. ವಿಚಾರಣೆಯ ಆ ಗುರುವಾರ ಮೇಜಿನ ಮುಂದೆ ನಿಂತಿದ್ದ ಕಡೆಯೇ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೇಳಿ ಸಾರ್," ಅಂದ. "ಅರ್ಜೆಂಟೇನಿಲ್ಲ, ನಿಧಾನಕ್ಕೆ ಹೇಳಿ. ಈಗ ನಂಗೂ ಇಂಗ್ಲಿಷ್ ಅರ್ಥ ಆಗತ್ತೆ."

ಮಧು ಅವನ ಕಡೆ ತಿರುಗಿದ. "ತಿರುಮಲೇಶಣ್ಣ," ಎಂದು ಪಿಸುಗುಟ್ಟಿದ. ಮೈಕು ಬಾಯಿಯ ಹತ್ತಿರವೇ ಇದ್ದದ್ದರಿಂದ ಆ ಒಂದು ಹೆಸರು ಮೈದಾನದ ಆಚೆಯ ಗೋಲಿನವರೆಗೂ ಕೇಳಿಸಿತು.

ಚಂದ್ರಿಕಾ ಒಂದು ಕೈಯಿಂದ ಗೋಡೆಯನ್ನು ಹಿಡಿದುಕೊಂಡರು. ಇನ್ನೊಂದು ಕೈಯ ಊರುಗೋಲನ್ನು ಎತ್ತಿ, ಅದರ ರಬ್ಬರಿನ ತುದಿಯನ್ನು ಮೊದಲನೇ ಹಲಗೆಯ ಮೊದಲನೇ ಅಕ್ಷರದ ಕೆಳಗೆ ಇಟ್ಟು, ಕಾಯುತ್ತ ನಿಂತರು.